ಕೋವಿ ಲೈಸೆನ್ಸಿಗೆ ನೋಟಿಸು ಬಂದ್ರೆ ಎಂತ ಮಾಡುದು: ಅಮೇರಿಕದ ಪಟ್ಟಿ ಹಿಡ್ಕೊಂಡು ಒಂದು ಕಾಸರಗೋಡು ಗೈಡು

ವಿದ್ಯಾನಗರದ ಕಲೆಕ್ಟರೇಟಿಂದ ಒಂದು ಕವರು ಬರ್ತದೆ, ಒಳಗೆ ಮಲಯಾಳದಲ್ಲಿ ಎರಡು ಪುಟ, ನಿಮ್ಮ ಕೋವಿ ಲೈಸೆನ್ಸು ಯಾಕೆ ಸಸ್ಪೆಂಡ್ ಮಾಡ್ಬಾರ್ದು ಅಂತ ಕಾರಣ ಕೇಳಿದ್ದು. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ, ಪೈವಳಿಕೆ ಕಡೆ ಹಂದಿ ಕಾಟಕ್ಕೆ ಅಂತ ಕೋವಿ ಇಟ್ಕೊಂಡ ತೋಟದವರು ಈ ಕವರು ಕಂಡ ಕೂಡ್ಲೆ ಎರಡರಲ್ಲಿ ಒಂದು ಮಾಡ್ತಾರೆ. ಒಂದೋ ಯಾವುದಾದ್ರೂ ಪಾರ್ಟಿ ಲೀಡರಿಗೆ ಫೋನು, ಇಲ್ಲದಿದ್ರೆ ಕವರು ಮಡಚಿ ಕಪಾಟಿನ ಒಳಗೆ. ಎರಡೂ ಬೇಡ ಮಾರಾಯ್ರೆ. ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡ್ಬೇಕು, ಆ ಉತ್ತರದಲ್ಲಿ ಎಂತೆಲ್ಲ ಕೇಳ್ಬೇಕು ಹೇಳಿ ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ಎಂತ ಕೇಳ್ಬೇಕು ಅನ್ನುದಕ್ಕೆ ನಂಗೆ ಸಿಕ್ಕಿದ ಒಳ್ಳೇ ಪಟ್ಟಿ ಅಮೇರಿಕದ ಒಂದು ಕಾನೂನಿನ ಒಳಗೆ ಉಂಟು. ಅಮೇರಿಕಕ್ಕೂ ಪೆರ್ಲಕ್ಕೂ ಎಂತ ಸಂಬಂಧ ಅಂತ ನಗ್ಬೇಡಿ, ಮನುಷ್ಯನ ಕೈಯಿಂದ ಕೋವಿ ತೆಗೆಯುವಾಗ ಅವನ ಮಾತು ಯಾವಾಗ ಕೇಳ್ಬೇಕು ಅನ್ನುವ ಪ್ರಶ್ನೆ ಎರಡು ಕಡೆಯೂ ಒಂದೇ.

ಅಲ್ಲಿ ಇದಕ್ಕೆ ರೆಡ್ ಫ್ಲ್ಯಾಗ್ ಕಾನೂನು ಹೇಳುದು. ಒಬ್ಬ ತನಗೋ ಬೇರೆಯವರಿಗೋ ಅಪಾಯ ಮಾಡುವ ಲಕ್ಷಣ ಕಾಣ್ತದೆ ಆದ್ರೆ ಇನ್ನೂ ಅಪರಾಧ ಅಂತ ಏನೂ ಮಾಡಿಲ್ಲ, ಅಂಥವನ ಹತ್ರ ಸ್ವಲ್ಪ ಸಮಯಕ್ಕೆ ಕೋವಿ ಇರ್ಬಾರ್ದು, ಹೊಸತು ತಕೊಳ್ಳಲೂಬಾರ್ದು ಅಂತ ಕೋರ್ಟು ಕೊಡುವ ಆರ್ಡರು. ಜೈಲು ಶಿಕ್ಷೆ ಅಲ್ಲ, ಸಿವಿಲ್ ಆರ್ಡರು. ಮೊದಲು ಮಾಡಿದ್ದು ಕನೆಕ್ಟಿಕಟ್, 1999ರಲ್ಲಿ. ಇಂಡಿಯಾನ 2005ರಲ್ಲಿ. ಫ್ಲೋರಿಡಾದವರು ಪಾರ್ಕ್‌ಲ್ಯಾಂಡಿನ ಶಾಲೇಲಿ 17 ಜನ ಸತ್ತ ಮೇಲೆ 2018ರಲ್ಲಿ ತಂದ್ರು. ಈಗ 20ಕ್ಕಿಂತ ಹೆಚ್ಚು ರಾಜ್ಯದಲ್ಲಿ ಉಂಟು, ಒಕ್ಲಹೋಮದ ಹಾಗೆ ನಮ್ಮಲ್ಲಿ ಇದು ನಡೆಯೂದಿಲ್ಲ ಅಂತ ತಿರುಗಿ ಕಾನೂನು ಮಾಡಿದ ರಾಜ್ಯವೂ ಉಂಟು.

ದುಡ್ಡಿನ ಕತೆ ಇಲ್ಲಿ ಬರ್ತದೆ. ಅಲ್ಲಿನ ಕೇಂದ್ರ ಸರಕಾರ ರಾಜ್ಯಕ್ಕೆ ನೀನು ಈ ಕಾನೂನು ಮಾಡು ಅಂತ ಹುಕುಂ ಕೊಡ್ಲಿಕ್ಕೆ ಆಗೂದಿಲ್ಲ, ದುಡ್ಡು ತೋರ್ಸಿ ಕರೀಬಹುದು ಅಷ್ಟೆ. 2022ರ ಮೇ 24ಕ್ಕೆ ಟೆಕ್ಸಸಿನ ಯುವಾಲ್ಡೆ ಶಾಲೇಲಿ 19 ಮಕ್ಕಳು, 2 ಟೀಚರುಗಳು ಗುಂಡಿಗೆ ಸತ್ರು. ಮರು ತಿಂಗಳು, ಜೂನ್ 25ಕ್ಕೆ, ಆಗಿನ ಅಧ್ಯಕ್ಷ ಬೈಡನ್ ಸೈನ್ ಹಾಕಿದ ಬೈಪಾರ್ಟಿಸನ್ ಸೇಫರ್ ಕಮ್ಯುನಿಟೀಸ್ ಆ್ಯಕ್ಟಿನಲ್ಲಿ 5 ವರ್ಷಕ್ಕೆ 75 ಕೋಟಿ ಡಾಲರು ರಾಜ್ಯಗಳಿಗೆ ಇಟ್ರು. ರೆಡ್ ಫ್ಲ್ಯಾಗ್ ಬೇಡ ಅನ್ನುವ ರಾಜ್ಯ ಅದೇ ದುಡ್ಡನ್ನು ಡ್ರಗ್ ಕೋರ್ಟು, ಮಾನಸಿಕ ಆರೋಗ್ಯದ ಕೋರ್ಟು, ಮಾಜಿ ಸೈನಿಕರ ಕೋರ್ಟು ಇಂಥದ್ದಕ್ಕೆ ಬಳಸಬಹುದು. ರೆಡ್ ಫ್ಲ್ಯಾಗಿಗೇ ಬಳಸುದಾದ್ರೆ ಮಾತ್ರ ಶರ್ತ ಉಂಟು, ಆ ಶರ್ತಗಳೇ ನಾನು ಹೇಳಿದ ಪಟ್ಟಿ.

ಮನುಷ್ಯನಿಗೆ ನೋಟಿಸು ಕೊಡ್ಬೇಕು. ಎದುರೆದುರು ವಿಚಾರಣೆ ಬೇಕು. ಪಕ್ಷಪಾತ ಇಲ್ಲದವರ ಎದುರು ಆಗ್ಬೇಕು. ತನ್ನ ವಿರುದ್ಧ ಎಂತ ಸಾಕ್ಷಿ ಉಂಟು ಅಂತ ಅವನಿಗೆ ಗೊತ್ತಾಗ್ಬೇಕು, ತನ್ನ ಸಾಕ್ಷಿ ಕೊಡ್ಲಿಕ್ಕೆ ಬಿಡ್ಬೇಕು, ವಿರುದ್ಧ ಹೇಳಿದವರನ್ನು ಪ್ರಶ್ನೆ ಮಾಡ್ಲಿಕ್ಕೆ ಬಿಡ್ಬೇಕು. ವಕೀಲರನ್ನು ಇಟ್ಕೊಳ್ಬಹುದು, ಆದ್ರೆ ಸರಕಾರದ ಖರ್ಚಲ್ಲಿ ಅಲ್ಲ. ಪ್ರಮಾಣ ಮಾಡದೆ ಹೇಳಿದ್ದು, ಯಾರೋ ಹೇಳಿದ್ದನ್ನು ಕೇಳಿ ಹೇಳಿದ್ದು, ಗೊತ್ತುಗುರಿ ಇಲ್ಲದ ಅಂದಾಜು, ಇಂಥದ್ದರ ಮೇಲೆ ತೀರ್ಮಾನ ಆಗ್ಬಾರ್ದು. ಸುಳ್ಳು ದೂರು ಕೊಟ್ಟು ಕಾನೂನನ್ನು ದುರುಪಯೋಗ ಮಾಡಿದವರಿಗೆ ದಂಡನೆ ಇರ್ಬೇಕು. ಇಷ್ಟೇ. ಇದ್ರಲ್ಲೂ ಜಗಳ ಇಲ್ಲದೆ ಇಲ್ಲ, ಯಾಕಂದ್ರೆ ಈ ಹಕ್ಕುಗಳೆಲ್ಲ ಸೂಕ್ತ ಹಂತದಲ್ಲಿ ಸಿಗ್ಬೇಕು ಅಂತ ಬರೆದದ್ದು, ಸೂಕ್ತ ಹಂತ ಅಂದ್ರೆ ಕೋವಿ ತೆಗೆಯುವ ಮೊದಲೋ ತೆಗೆದ ಮೇಲೋ? ಹೆಚ್ಚಿನ ರಾಜ್ಯದಲ್ಲಿ ತುರ್ತು ಆರ್ಡರು ಒಂದೇ ಕಡೆಯವರ ಮಾತು ಕೇಳಿ ಕೊಡ್ತಾರೆ, ಆಮೇಲೆ ಕೆಲವು ದಿನದ ಒಳಗೆ, ಫ್ಲೋರಿಡಾದಲ್ಲಿ 14 ದಿನದ ಒಳಗೆ, ಪೂರ್ತಿ ವಿಚಾರಣೆ. ವಿರೋಧ ಮಾಡುವವರು ಹೇಳುದು ಮೊದಲು ಶಿಕ್ಷೆ ಆಮೇಲೆ ವಿಚಾರಣೆಯಾ ಅಂತ. ಪರ ಇದ್ದವರು ಹೇಳುದು, ಆತ್ಮಹತ್ಯೆಗೆ ಹೊರಟವನಿಗೆ ನೋಟಿಸು ಕೊಟ್ಟು ಎರಡು ವಾರ ಕಾಯ್ಲಿಕ್ಕೆ ಆಗ್ತದಾ ಅಂತ. ನನ್ನ ಪ್ರಕಾರ ತುರ್ತು ಆರ್ಡರು ತಪ್ಪಲ್ಲ, ಆದ್ರೆ ವಿಚಾರಣೆಗೆ ತಾರೀಕು ಹಾಕದ ತುರ್ತು ಆರ್ಡರು ಖಂಡಿತ ತಪ್ಪು.

ಈಗ ಊರಿಗೆ ಬರುವ. ನಮ್ಮಲ್ಲಿ ಆಯುಧ ಅನ್ನುದು ಕೇಂದ್ರದ ಪಟ್ಟಿಯ ವಿಷಯ, 1959ರ ಆರ್ಮ್ಸ್ ಆ್ಯಕ್ಟ್ ಇಡೀ ದೇಶಕ್ಕೆ ಒಂದೇ, ಹಾಗಾಗಿ ದುಡ್ಡು ತೋರ್ಸಿ ರಾಜ್ಯವನ್ನು ಕರೆಯುವ ಪ್ರಶ್ನೆ ಇಲ್ಲ. ಅಮೇರಿಕದವರಿಗೆ ಅವರ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ ಕೋವಿ ಹಕ್ಕು ಉಂಟು, ನಮಗೆ ಲೈಸೆನ್ಸು ಕೊಟ್ರೆ ಉಂಟು ಇಲ್ಲದಿದ್ರೆ ಇಲ್ಲ. ಲೈಸೆನ್ಸು ಕೊಡುದು ತೆಗೆಯುದು ಎರಡೂ ಜಿಲ್ಲಾ ಮೆಜಿಸ್ಟ್ರೇಟರ ಕೆಲಸ, ಅಂದ್ರೆ ಕಲೆಕ್ಟರು, ಫೈಲು ನೋಡುದು ಎಡಿಎಂ, ಅಂದ್ರೆ ಅಡಿಷನಲ್ ಜಿಲ್ಲಾ ಮೆಜಿಸ್ಟ್ರೇಟರ ಆಫೀಸಲ್ಲಿ.

ಕವರು ಬಂದ ದಿನ ಮಾಡ್ಬೇಕಾದ್ದು: ಕವರನ್ನು ಬಿಸಾಡ್ಬೇಡಿ, ಅಂಚೆ ಸೀಲು ಅದ್ರಲ್ಲೇ ಇರುದು, ನಿಮಗೆ ಯಾವಾಗ ಸಿಕ್ಕಿತು ಹೇಳ್ಲಿಕ್ಕೆ ಅದೇ ಸಾಕ್ಷಿ. ಒಳಗಿರುದು ಬರೀ ಕಾರಣ ಕೇಳುವ ನೋಟಿಸಾ ಅಥವಾ ಸಸ್ಪೆಂಡ್ ಮಾಡಿಯೇ ಬಿಟ್ಟ ಆದೇಶವಾ ನೋಡಿ. ಇದು ತುಂಬಾ ಮುಖ್ಯ. ಬರೀ ನೋಟಿಸಾದ್ರೆ ಲೈಸೆನ್ಸು ಇನ್ನೂ ಜೀವಂತ ಉಂಟು. ಆದೇಶ ಆದ್ರೆ ಕೋವಿ ಮನೇಲಿ ಇಟ್ಕೊಳ್ಳುದೇ ಅಪರಾಧ ಆಗ್ತದೆ, ಆರ್ಮ್ಸ್ ಆ್ಯಕ್ಟಿನ ಸೆಕ್ಷನ್ 21ರ ಪ್ರಕಾರ ತಡ ಮಾಡದೆ ಹತ್ರದ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರಿಗೆ ಕೊಟ್ಟುಬಿಡ್ಬೇಕು. ಆದೇಶ ಅನ್ಯಾಯದ್ದು, ನಾನು ಅಪೀಲು ಮಾಡ್ತೇನೆ, ಅಲ್ಲಿವರೆಗೆ ಕೋವಿ ಕೊಡೂದಿಲ್ಲ ಅಂತ ಹಟ ಹಿಡಿಯುವವರು ಇದ್ದಾರೆ. ಬೇಡ. ಲೈಸೆನ್ಸು ಇಲ್ಲದೆ ಕೋವಿ ಇಟ್ರೆ 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದ್ರೆ 2 ವರ್ಷ, 5 ವರ್ಷದವರೆಗೂ ಹೋಗಬಹುದು. ಗೆಲ್ಲುವ ಕೇಸನ್ನು ಸೋಲುವ ಕೇಸು ಮಾಡ್ಲಿಕ್ಕೆ ಇದಕ್ಕಿಂತ ಸುಲಭ ದಾರಿ ಇಲ್ಲ.

ಕೊಡುವಾಗ ರಶೀದಿ ಬೇಕು. ಅದ್ರಲ್ಲಿ ಕೋವಿಯ ನಂಬರು, ಒಂಟಿ ನಳಿಗೆಯಾ ಜೋಡು ನಳಿಗೆಯಾ, ತೋಟೆ ಎಷ್ಟು, ಕೋವಿ ಯಾವ ಸ್ಥಿತಿಯಲ್ಲಿ ಉಂಟು, ಎಲ್ಲ ಬರೆಸಿ, ಕೊಡುವ ಮೊದಲು ಫೋಟೋ ತೆಗೆದಿಡಿ. ನಮ್ಮ ಮಳೆಗಾಲ ಗೊತ್ತಲ್ಲ, ಜೂನಲ್ಲಿ ಕೊಟ್ಟ ಕೋವಿ ಅಕ್ಟೋಬರಲ್ಲಿ ತುಕ್ಕು ಹಿಡಿದು ಬಂದ್ರೆ ಯಾರಲ್ಲಿ ಕೇಳುದು, ಎಣ್ಣೆ ಹಾಕಿ ಬಟ್ಟೆ ಸುತ್ತಿ ಕೊಡಿ. ಡೀಲರು ಬಾಡಿಗೆ ತಕೊಳ್ತಾರೆ, ಆದ್ರೆ ನೋಡ್ಕೊಳ್ಳುದು ಚಂದ.

ಇನ್ನು ಉತ್ತರ ಬರೆಯುದು. ಇಲ್ಲಿ ನಾನು ಸ್ವಲ್ಪ ಉದ್ದ ಹೇಳ್ತೇನೆ ಯಾಕಂದ್ರೆ ಇಲ್ಲಿಯೇ ನಮ್ಮವರು ಎರಡು ಸಾಲು ಗೀಚಿ, ನಾನು ಬಡ ಕೃಷಿಕ, ದಯಮಾಡಿ ಲೈಸೆನ್ಸು ಉಳಿಸಿ ಕೊಡ್ಬೇಕು, ಅಂತ ಕೈ ಮುಗಿದು ಸುಮ್ಮನೆ ಆಗುದು. ಕೈ ಮುಗಿಯುವ ವಿಷಯ ಅಲ್ಲ ಇದು.

ಮೊದಲನೇದು ಯಾವ ಕಾರಣಕ್ಕೆ ಅಂತ ಹಿಡೀಬೇಕು. ಸೆಕ್ಷನ್ 17ರಲ್ಲಿ ಲೈಸೆನ್ಸು ಸಸ್ಪೆಂಡ್ ಅಥವಾ ರದ್ದು ಮಾಡ್ಲಿಕ್ಕೆ ಕಾರಣಗಳು ಬರೆದೇ ಉಂಟು: ಮನಸ್ಸು ಸರಿ ಇಲ್ಲ ಅಥವಾ ಯಾವುದೋ ಕಾರಣಕ್ಕೆ ಲೈಸೆನ್ಸಿಗೆ ಯೋಗ್ಯ ಅಲ್ಲ, ಸಾರ್ವಜನಿಕ ಶಾಂತಿ ಸುರಕ್ಷೆಗೆ ಬೇಕಾಗಿ, ಲೈಸೆನ್ಸು ತಕೊಳ್ಳುವಾಗ ಮುಖ್ಯ ವಿಷಯ ಮುಚ್ಚಿಟ್ಟದ್ದು, ಶರ್ತ ಮುರಿದದ್ದು, ಲೈಸೆನ್ಸು ಪುಸ್ತಕ ತಂದು ಕೊಡಿ ಅಂದಾಗ ಕೊಡದೇ ಇದ್ದದ್ದು. ನಿಮ್ಮ ನೋಟಿಸಲ್ಲಿ ಇದ್ರಲ್ಲಿ ಯಾವುದು ಹೇಳಿದ್ದಾರೆ? ಬರೀ ಪೊಲೀಸ್ ವರದಿ ಪ್ರಕಾರ ಅಂತ ಇದ್ರೆ ಆ ವರದಿಯ ಕಾಪಿ ಕೊಡಿ ಅಂತ ಬರೆದು ಕೇಳಿ. ಅಮೇರಿಕದ ಪಟ್ಟಿಯಲ್ಲಿ ವಿರುದ್ಧ ಇರುವ ಸಾಕ್ಷಿ ಗೊತ್ತಾಗ್ಬೇಕು ಅಂತ ಇತ್ತಲ್ಲ, ಅದು ಇದೇ. ಕೊಡದಿದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಬರ್ಬೇಕು, ತನಿಖೆ ನಡೀತಾ ಉಂಟು ಅಂತ ಕೆಲವು ಭಾಗ ತಡೆಹಿಡಿಯಬಹುದು ಅದು ಬೇರೆ.

ಎರಡನೇದು ವಿಚಾರಣೆ. ಮೊದಲೇ ಕರೆದು ಮಾತು ಕೇಳ್ಬೇಕು ಅಂತ ಸೆಕ್ಷನ್ 17ರಲ್ಲಿ ಬಿಡಿಸಿ ಬರೀಲಿಲ್ಲ. ಇದು ನಮ್ಮ ಕಾನೂನಿನ ದೊಡ್ಡ ಕೊರತೆ ಅಂತಲೇ ನಾನು ಹೇಳುದು. ಆದ್ರೆ ಸಹಜ ನ್ಯಾಯ ಅಂತ ಒಂದು ಉಂಟು, ಒಬ್ಬನ ಮಾತು ಕೇಳದೆ ಅವನ ವಿರುದ್ಧ ತೀರ್ಮಾನ ಮಾಡ್ಬಾರ್ದು ಅಂತ. ಬರೀ ಒಂದು ಎಫ್ಐಆರ್ ಇದ್ದ ಮಾತ್ರಕ್ಕೆ ಯೋಚನೆ ಮಾಡದೆ ಲೈಸೆನ್ಸು ರದ್ದು ಮಾಡಿದ್ದನ್ನು ಹೈಕೋರ್ಟುಗಳು ಸುಮಾರು ಸಲ ಹೊಡೆದು ಹಾಕಿದ್ದುಂಟು. ಹಾಗಾಗಿ ಉತ್ತರದಲ್ಲಿ, ತೀರ್ಮಾನ ಮಾಡುವ ಮೊದಲು ನನ್ನನ್ನು ಖುದ್ದು ಕರೆದು ಕೇಳ್ಬೇಕು, ಅಂತ ಒಂದು ವಾಕ್ಯ ಸ್ಪಷ್ಟ ಬರೀರಿ. ನೀವು ಹಾಗೆ ಬರೆದು ಕೇಳಿಯೇ ಇಲ್ಲದಿದ್ರೆ ಮತ್ತೆ ಅಪೀಲಲ್ಲಿ ನನ್ನನ್ನು ಕರೀಲಿಲ್ಲ ಅಂತ ಹೇಳಿದ್ರೆ ತೂಕ ಕಡಿಮೆ.

ಮೂರನೇದು ನಿಮ್ಮ ಸಾಕ್ಷಿ. ಕೇಸು ಇದ್ರೆ ಅದು ಎಂತ ಕೇಸು, ಯಾವ ಹಂತದಲ್ಲಿ ಉಂಟು, ಕೋವಿಗೂ ಅದಕ್ಕೂ ಸಂಬಂಧ ಉಂಟಾ. ಗಡಿ ಬೇಲಿ ಜಗಳದಲ್ಲಿ ನೆರೆಯವರು ಕೊಟ್ಟ ದೂರು ನಮ್ಮ ಕಡೆ ಸಾಮಾನ್ಯ, ಆ ಜಾಗದ ವ್ಯಾಜ್ಯದ ಕಾಗದ ಜೊತೆಗೆ ಇಟ್ರೆ ಕತೆ ಅರ್ಥ ಆಗ್ತದೆ. ಖುಲಾಸೆ ಆಗಿದ್ರೆ ತೀರ್ಪಿನ ಕಾಪಿ. ಆರೋಗ್ಯದ ವಿಷಯ ಎತ್ತಿದ್ರೆ ಡಾಕ್ಟರ ಸರ್ಟಿಫಿಕೇಟು. ಕೋವಿ ಯಾಕೆ ಬೇಕು ಅನ್ನುದಕ್ಕೆ ಹಂದಿ ನುಗ್ಗಿ ತೋಟ ಹಾಳು ಮಾಡಿದ ಫೋಟೋ, ಕೃಷಿ ಭವನದ ಕಾಗದ, ಅರಣ್ಯ ಇಲಾಖೆಗೆ ಪರಿಹಾರಕ್ಕೆ ಹಾಕಿದ ಅರ್ಜಿ. 2022ರಿಂದ ಕೇರಳದಲ್ಲಿ ಕಾಡುಹಂದಿ ಕೊಲ್ಲಲಿಕ್ಕೆ ಅನುಮತಿ ಕೊಡುವ ಅಧಿಕಾರ ಪಂಚಾಯತು ಅಧ್ಯಕ್ಷರಿಗೆ ಉಂಟಲ್ಲ, ಅವರ ಶೂಟರ್ ಪಟ್ಟಿಯಲ್ಲಿ ನಿಮ್ಮ ಹೆಸರಿದ್ರೆ ಆ ಕಾಗದ ಎಲ್ಲಕ್ಕಿಂತ ಮೇಲೆ ಇಡಿ. ಬೆಳೆ ರಕ್ಷಣೆ ಲೈಸೆನ್ಸು ಇದ್ದ ಮಾತ್ರಕ್ಕೆ ಅನುಮತಿ ಇಲ್ಲದೆ ಹಂದಿ ಹೊಡೀಬಹುದು ಅಂತ ಗ್ರಹಿಸಿದವರು ಈಗಲೂ ಇದ್ದಾರೆ, ಅದು ವನ್ಯಜೀವಿ ಕಾನೂನಿನ ಕೇಸು, ಆ ಕೇಸೇ ಲೈಸೆನ್ಸಿಗೂ ಮುಳುವು.

ನಾಲ್ಕನೇದು ಅವಧಿ. ಸಸ್ಪೆನ್ಶನ್ ಎಷ್ಟು ಸಮಯಕ್ಕೆ ಅನ್ನುದು ಅಧಿಕಾರಿಗೆ ಬಿಟ್ಟದ್ದು. ಅಮೇರಿಕದ ಆರ್ಡರಿಗೆ ಕೊನೆ ತಾರೀಕು ಇರ್ತದೆ, ಫ್ಲೋರಿಡಾದಲ್ಲಿ ಹೆಚ್ಚಂದ್ರೆ 12 ತಿಂಗಳು, ಕ್ಯಾಲಿಫೋರ್ನಿಯಾದಲ್ಲಿ 1ರಿಂದ 5 ವರ್ಷ. ನಾವೂ ಕೇಳುವ: ರದ್ದು ಮಾಡುದು ಬೇಡ, ಬೇಕೇ ಬೇಕು ಅಂತಾದ್ರೆ ಇಂಥ ತಾರೀಕಿನವರೆಗೆ ಸಸ್ಪೆಂಡ್ ಮಾಡಿ, ಆಮೇಲೆ ಪುನಃ ಪರಿಶೀಲನೆ ಮಾಡಿ, ಅಂತ.

ಭಾಷೆಯ ವಿಷಯ ಮರೀಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲಿ ಬರೀಬಹುದು, ಅಲ್ಪಸಂಖ್ಯಾತ ಪ್ರದೇಶದ ಆಫೀಸಿಂದ ಉತ್ತರವೂ ಅದೇ ಭಾಷೆಯಲ್ಲಿ ಬರ್ಬೇಕು ಅಂತ ಉಂಟು. ಸಂವಿಧಾನದ 350ನೇ ವಿಧಿಯೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದ್ರೂ ಅಹವಾಲು ಕೊಡ್ಲಿಕ್ಕೆ ಬಿಡ್ತದೆ. ಓದ್ಲಿಕ್ಕೆ ಆಗದ ನೋಟಿಸು ಕೊಟ್ಟು ಏಳು ದಿನದಲ್ಲಿ ಉತ್ತರ ಕೊಡಿ ಅಂದ್ರೆ ಅದೆಂತ ನೋಟಿಸು? ಕನ್ನಡ ಪ್ರತಿ ಬೇಕು, ಅದು ಸಿಕ್ಕಿದ ದಿನದಿಂದ ಸಮಯ ಲೆಕ್ಕ ಮಾಡ್ಬೇಕು ಅಂತ ಕೇಳಿ. ಆದ್ರೆ ಒಂದು ಬುದ್ಧಿವಂತಿಕೆ ಬೇಕು, ಕನ್ನಡ ಪ್ರತಿ ಬರ್ಲಿ ಅಂತ ಕಾಯ್ತಾ ಗಡುವು ದಾಟಿಸ್ಬೇಡಿ. ಇದ್ದ ಸಮಯದ ಒಳಗೆ ಒಂದು ಉತ್ತರ ಕೊಟ್ಟು, ಕನ್ನಡ ಪ್ರತಿ ಬಂದ ಮೇಲೆ ಹೆಚ್ಚಿನದ್ದು ಕೊಡ್ತೇನೆ ಅಂತ ಸೇರ್ಸಿ. ಉತ್ತರ ಕೈಯಲ್ಲಿ ಕೊಟ್ರೆ ನಿಮ್ಮ ಕಾಪಿಗೆ ಸೀಲು ಹಾಕಿಸ್ಕೊಳ್ಳಿ, ಇಲ್ಲದಿದ್ರೆ ಸ್ಪೀಡ್ ಪೋಸ್ಟು.

ಇಷ್ಟೆಲ್ಲ ಮಾಡಿಯೂ ಆದೇಶ ನಿಮ್ಮ ವಿರುದ್ಧ ಬಂತು ಹೇಳಿ ಆದ್ರೆ? ಕಾರಣ ಲಿಖಿತ ಇರ್ಬೇಕು, ಕೇಳಿದ್ರೆ ಚುಟುಕು ವಿವರ ನಿಮಗೆ ಕೊಡ್ಬೇಕು, ಸಾರ್ವಜನಿಕ ಹಿತಕ್ಕೆ ತೊಂದರೆ ಅಂತ ಅವರಿಗೆ ಕಂಡ್ರೆ ಮಾತ್ರ ತಡೀಬಹುದು. ಕೇಳಿದ್ರೆ ಅಂತ ಕಾನೂನಲ್ಲೇ ಉಂಟು, ಹಾಗಾಗಿ ಕೇಳಿ. ಆಮೇಲೆ ಸೆಕ್ಷನ್ 18ರ ಅಪೀಲು. ಯಾರಿಗೆ ಎಷ್ಟು ದಿನದ ಒಳಗೆ ಹಾಕ್ಬೇಕು ಅನ್ನುದನ್ನು ಆದೇಶದಲ್ಲೋ ಎಡಿಎಂ ಸೆಕ್ಷನಿನಲ್ಲೋ ಅದೇ ದಿನ ಕೇಳಿ ತಿಳ್ಕೊಳ್ಳಿ, ತಡ ಆದ್ರೂ ಸರಿಯಾದ ಕಾರಣ ತೋರ್ಸಿದ್ರೆ ತಕೊಳ್ಲಿಕ್ಕೆ ಅವಕಾಶ ಉಂಟು, ಅದನ್ನೇ ನಂಬಿ ಕೂರ್ಬೇಡಿ. ಅಪೀಲಲ್ಲಿ ನಿಮ್ಮ ಮಾತು ಕೇಳದೆ ತೀರ್ಮಾನ ಮಾಡುವ ಹಾಗೆಯೇ ಇಲ್ಲ, ಇದು 18ರಲ್ಲಿ ಬಿಡಿಸಿ ಬರೆದದ್ದು. ಆದ್ರೆ ಅಪೀಲು ಹಾಕಿದ ಕೂಡ್ಲೆ ಆದೇಶ ನಿಲ್ಲೂದಿಲ್ಲ, ತಡೆ ಬೇಕಾದ್ರೆ ಬೇರೆಯೇ ಕೇಳ್ಬೇಕು. ನೇರ ಸರಕಾರವೇ ಮಾಡಿದ ಆದೇಶಕ್ಕೆ ಅಪೀಲು ಇಲ್ಲ, ಅದಕ್ಕೆ ಎರ್ನಾಕುಳದ ಹೈಕೋರ್ಟೇ ಗತಿ. ವಕೀಲರ ಖರ್ಚು ಹೆಚ್ಚು ಅಂತಾದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಫೋನು 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇದ್ದವರಿಗೆ ವಕೀಲರು ಪುಕ್ಕಟೆ. ಸರಕಾರದ ಖರ್ಚಲ್ಲಿ ಅಲ್ಲ ಅಂತ ಅಮೇರಿಕದವರು ಬರೆದ ಜಾಗದಲ್ಲಿ ನಮ್ಮವರು ಒಂದು ಹೆಜ್ಜೆ ಮುಂದೆ ಇದ್ದಾರೆ, ಇದನ್ನು ಹೇಳ್ಲೇಬೇಕು.

ಓಟಿನ ಸಮಯದಲ್ಲಿ ಕೋವಿ ಡಿಪಾಸಿಟ್ ಇಡ್ಲಿಕ್ಕೆ ಹೇಳುದು ಬೇರೆ ವಿಷಯ. ಅದು ಸಸ್ಪೆನ್ಶನ್ ಅಲ್ಲ. ಪ್ರತಿಯೊಬ್ಬನ ಕೋವಿಯನ್ನು ಕಣ್ಣು ಮುಚ್ಚಿ ತರ್ಸುದಲ್ಲ, ಜಿಲ್ಲೆಯ ಸ್ಕ್ರೀನಿಂಗ್ ಕಮಿಟಿ ಒಂದೊಂದೇ ಲೈಸೆನ್ಸು ನೋಡಿ, ಜಾಮೀನಲ್ಲಿ ಇರುವವರು, ಹಳೇ ಕ್ರಿಮಿನಲ್ ಕೇಸು ಇದ್ದವರು, ಹಿಂದೆ ಓಟಿನ ಗಲಾಟೆಯಲ್ಲಿ ಇದ್ದವರು, ಇಂಥವರನ್ನು ಆರಿಸ್ಬೇಕು ಅನ್ನುದು ಚುನಾವಣಾ ಆಯೋಗದ ಕ್ರಮ. ವಿನಾಯಿತಿ ಬೇಕಾದ್ರೆ ಚುನಾವಣೆ ಘೋಷಣೆ ಆದ ಕೂಡ್ಲೆ ಕಮಿಟಿಗೆ ಅರ್ಜಿ ಕೊಡಿ, ಠಾಣೆಯಿಂದ ಫೋನು ಬರುವವರೆಗೆ ಕಾಯ್ಬೇಡಿ.

ಇಷ್ಟು ಹೊತ್ತು ಕೋವಿ ಇದ್ದವನ ಕಡೆಯಿಂದ ಹೇಳಿದ್ದು. ಮನೆಯವರ ಕಡೆಯಿಂದಲೂ ಹೇಳ್ಬೇಕು, ಯಾಕಂದ್ರೆ ಅಮೇರಿಕದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ, ರೆಡ್ ಫ್ಲ್ಯಾಗಿನ ನಿಜವಾದ ಉಪಯೋಗ ಅಲ್ಲಿಯೇ ಅಂತ ನನ್ನ ನಂಬಿಕೆ. ಸಾಲಕ್ಕೆ ಬಿದ್ದ ಅಣ್ಣ, ಕುಡಿದ್ರೆ ಕೋವಿ ತೆಗೀತೇನೆ ಅನ್ನುವ ಮಾವ, ಹೆಂಡತಿ ತೀರಿದ ಮೇಲೆ ಮಾತೇ ಬಿಟ್ಟ ಅಪ್ಪ, ಇಂಥ ಮನೇಲಿ ಕೋವಿ ಇದ್ರೆ ಕಲೆಕ್ಟರ ಆದೇಶಕ್ಕೆ ಕಾಯ್ಬೇಕಾಗಿಲ್ಲ. ಅವರನ್ನೇ ಒಪ್ಪಿಸಿ, ಮಳೆಗಾಲ ಮುಗಿಯುವವರೆಗೆ ಡೀಲರ ಹತ್ರ ಇಡುವ ಅಪ್ಪ, ಸರ್ವೀಸೂ ಆಗ್ತದೆ, ಅಂತ ಹೇಳಿ ಅವರ ಕೈಯಿಂದಲೇ ಡಿಪಾಸಿಟ್ ಮಾಡ್ಸಿ. ನೀವೇ ಕೋವಿ ಕಾರಲ್ಲಿ ಹಾಕಿ ತಕೊಂಡು ಹೋಗ್ಬೇಡಿ, ಲೈಸೆನ್ಸು ನಿಮ್ಮ ಹೆಸರಲ್ಲಿ ಇಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416, ಹಗಲು ರಾತ್ರಿ ಉಂಟು, ಕನ್ನಡದಲ್ಲಿಯೂ ಮಾತಾಡ್ಬಹುದು.

ಒಪ್ಪದಿದ್ರೆ, ಅಪಾಯ ಕಾಣ್ತಾ ಇದ್ರೆ, ಮೊದಲು 112ಕ್ಕೆ ಫೋನು ಮಾಡಿ, ಠಾಣೆಗೂ ಜಿಲ್ಲಾ ಮೆಜಿಸ್ಟ್ರೇಟರಿಗೂ ಲಿಖಿತ ಕೊಡಿ. ಸೆಕ್ಷನ್ 22ರಲ್ಲಿ, ಒಬ್ಬನ ಕೈಯಲ್ಲಿ ಆಯುಧ ಬಿಟ್ರೆ ಶಾಂತಿ ಸುರಕ್ಷೆಗೆ ಅಪಾಯ ಅಂತ ಕಂಡ್ರೆ, ಕಾರಣ ಬರೆದಿಟ್ಟು, ಅವನಿಗೆ ಲೈಸೆನ್ಸು ಇದ್ರೂ ಸರಿ, ಮನೆ ಹುಡುಕಿ ಕೋವಿ ತೆಗೆದಿಡ್ಲಿಕ್ಕೆ ಮೆಜಿಸ್ಟ್ರೇಟರು ಆದೇಶ ಮಾಡಬಹುದು. ನಮ್ಮ ರೆಡ್ ಫ್ಲ್ಯಾಗ್ ಅಂದ್ರೆ ಇದೇ. ದೂರಿನಲ್ಲಿ ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮಾತ್ರ ಬರೀರಿ, ತಾರೀಕು ಹಾಕಿ, ಯಾರು ಎದುರಿಗೆ ಇದ್ರು ಬರೀರಿ. ಆಸ್ತಿ ಪಾಲಿನ ಜಗಳ ಇದ್ರೆ ಮುಚ್ಚಿಡ್ಬೇಡಿ, ಅದು ಹೇಗೂ ಹೊರಗೆ ಬರ್ತದೆ, ಬಂದಾಗ ನೀವು ಹೇಳಿದ ನಿಜವೂ ಸುಳ್ಳಾಗಿ ಕಾಣ್ತದೆ.

ಅಮೇರಿಕದಲ್ಲಿ ಇರುವ ಮಕ್ಕಳಿಗೆ ಎರಡು ಮಾತು. ಎಚ್ ಒನ್ ಬಿ ಥರದ ವೀಸಾದಲ್ಲಿ ಇರುವವರು ಕೋವಿ ಇಟ್ಕೊಳ್ಳುದೇ ಅಲ್ಲಿನ ಕೇಂದ್ರ ಕಾನೂನಿನಲ್ಲಿ ನಿಷೇಧ, ಬೇಟೆ ಲೈಸೆನ್ಸಿನ ಹಾಗೆ ಕೆಲವು ವಿನಾಯಿತಿ ಬಿಟ್ರೆ. ಇನ್ನು ಗೆಳೆಯನ ಬಗ್ಗೆ ಹೆದರಿಕೆ ಆದ್ರೆ ಯಾರು ಕೋರ್ಟಿಗೆ ಹೋಗಬಹುದು ಅನ್ನುದು ರಾಜ್ಯ ರಾಜ್ಯಕ್ಕೆ ಬೇರೆ. ಫ್ಲೋರಿಡಾದಲ್ಲಿ ಪೊಲೀಸರು ಮಾತ್ರ, ಕ್ಯಾಲಿಫೋರ್ನಿಯಾದಲ್ಲಿ ಮನೆಯವರು, ಕೆಲಸ ಕೊಟ್ಟವರು, ಸಹೋದ್ಯೋಗಿಗಳು, ಟೀಚರುಗಳು ಕೂಡ ಶರ್ತದ ಒಳಗೆ ಹೋಗಬಹುದು. ಆರ್ಡರು ನಿಮ್ಮ ಮೇಲೆಯೇ ಬಂದ್ರೆ ಇಲ್ಲಿ ಹೇಳಿದ್ದೇ: ಮೊದಲು ಕೊಡಿ, ರಶೀದಿ ತಕೊಳ್ಳಿ, ವಿಚಾರಣೆ ತಾರೀಕಿಗೆ ವಕೀಲರ ಜೊತೆ ಹೋಗಿ, ಆ ತಾರೀಕು ತಪ್ಪಿಸ್ಬೇಡಿ.

ಕೊನೆಗೆ ಊರಿನವರು ಮರೆಯುವ ಒಂದು ವಿಷಯ. ಕೋವಿ ಠಾಣೆಯಲ್ಲೋ ಡೀಲರ ಹತ್ರವೋ ಇರುವಾಗಲೂ ಲೈಸೆನ್ಸಿನ ಅವಧಿ ಓಡ್ತಾನೇ ಇರ್ತದೆ. ಈಗ 5 ವರ್ಷದ ಲೈಸೆನ್ಸು, ಅದು ಮುಗಿಯುವ ಮೊದಲು ನವೀಕರಣಕ್ಕೆ ಹಾಕ್ಲೇಬೇಕು. ಕೋವಿ ಇಲ್ಲಿ ಇಲ್ಲವಲ್ಲ ಅಂತ ಸುಮ್ಮನೆ ಕೂತ್ರೆ ಅಪೀಲು ಗೆದ್ರೂ ವಾಪಸು ತಕೊಳ್ಳಲಿಕ್ಕೆ ಲೈಸೆನ್ಸೇ ಇರೂದಿಲ್ಲ. ವಾಪಸು ತರ್ಲಿಕ್ಕೆ ಹೋಗುವಾಗ ಆದೇಶದ ಕಾಪಿ, ಲೈಸೆನ್ಸು, ಹಳೇ ರಶೀದಿ ಮೂರೂ ಹಿಡ್ಕೊಂಡು ಹೋಗಿ, ತೋಟೆ ಎಣಿಸಿ, ಕೋವಿ ನಂಬರು ತಾಳೆ ನೋಡಿ, ಆಮೇಲೆ ಸೈನ್ ಹಾಕಿ.